ಲಂಕೆಯಿಂದ ಬಂದವನ ಪಾಸ್‌ಪೋರ್ಟು

ಅವನು ಬಯಲಕಡೆಗೆ ಹೋಗುವಾಗಲೂ ಪಾಸ್‌ಪೋರ್ಟನ್ನು ಕಿಸೆಯಲ್ಲಿಟ್ಟುಕೊಂಡೇ ಹೋಗುತ್ತಿದ್ದ. ಅದನ್ನು ಮೊದಲು ಕಂಡುಹಿಡಿದವಳು ನಮ್ಮವ್ವ. ಕೈಯಲ್ಲಿ ತಂಬಿಗೆ, ಅಂಗಿಯೊಳಗೆ ಎದೆಯ ಎಡಕ್ಕೆ ಚೌಕನೆಯ ಉಬ್ಬು. ‘ಅಲ್ಲೋ ತಮ್ಮಾ, ಅಲ್ಲಿ ನಿನ್ನ ಯಾವ ಸರಕಾರ ಹಿಡಿಯಾಕ ಬರ್ತೈತಿ?’ ಎಂದು ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನೂ ನಕ್ಕ. ಆದರೆ ಮರುದಿನವೂ ಆ ಉಬ್ಬು ಹಾಗೇ ಇತ್ತು.

ಇದು ಎಂಬತ್ತರ ದಶಕದ ಕೊನೆಯ ಮಾತು. ನಾನಾಗ ಕುಂದಗೋಳದ ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದೆ. ಅವನು ಹಿಂದೂಸ್ತಾನಿ ಗಾಯನ ಕಲಿಯಲು ಶ್ರೀಲಂಕಾದಿಂದ ಬಂದಿದ್ದ ತರುಣ. ನನಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವನಿರಬೇಕು. ಊರಿನ ಹಿರಿಯ ಗಾಯಕರೊಬ್ಬರು ಕಲಿಸಲು ಒಪ್ಪಿದರು. ಇರಲು ನಮ್ಮಪ್ಪ ಮನೆಯ ಮುಂದಿನ ಕೋಣೆ ಬಿಟ್ಟುಕೊಟ್ಟ. ಅಪ್ಪನದು ಬಟ್ಟೆ ಹೊಲಿಯುವ ಕಸುಬು. ಸಂಜೆಯಾದರೆ ಮಶೀನಿನ ಮೇಲೆ ಅರಿವೆ ಮುಚ್ಚಿ ತಬಲಾ ತೆಗೆಯುತ್ತಿದ್ದ. ಸುತ್ತಲಿನ ಊರುಗಳಲ್ಲಿ ಎಲ್ಲಿ ಗಾಯನದ ಬೈಠಕ್ ಇದ್ದರೂ ಸಾಥಿಗೆ ಅಪ್ಪನನ್ನು ಕರೆಯುತ್ತಿದ್ದರು. ಅಪ್ಪನ ಹಿಂದೆ ಅವನೂ ಹೋಗತೊಡಗಿದ.

ಒಂದು ವರ್ಷದಲ್ಲಿ ಅವನು ನಮ್ಮ ಕನ್ನಡವನ್ನು ಕಲಿತುಬಿಟ್ಟ. ಎಲ್ಲ ಮಾತಿಗೂ ‘ರಿ’ ಹಚ್ಚುತ್ತಿದ್ದ, ಬೆಕ್ಕಿಗೂ ‘ಬರ್ರಿ’ ಎನ್ನುತ್ತಿದ್ದ. ನನ್ನನ್ನು ಶಾಲೆಯ ಮಕ್ಕಳ ಹಾಗೆ ‘ಅಕ್ಕೋರ’ ಎಂದು ಕರೆಯುತ್ತಿದ್ದ. ಖಡಕ್ ರೊಟ್ಟಿ ಮುರಿಯಲು ಬಾರದೆ ನೀರಲ್ಲಿ ನೆನೆಸಿ ತಿನ್ನುತ್ತಿದ್ದವನು, ಎರಡನೆಯ ಚಳಿಗಾಲಕ್ಕೆ ಅವ್ವನ ಮುಂದೆ ಕುಳಿತು ಹಸಿ ಉಳ್ಳಾಗಡ್ಡಿ ಕಡಿಯುತ್ತಿದ್ದ. ಮೈಬಣ್ಣ, ಮೂಗು, ಮೀಸೆ ಎಲ್ಲವೂ ನಮ್ಮ ಕಡೆಯವರದೇ. ಧೋತರ ಉಟ್ಟು ಸಂತೆಯಲ್ಲಿ ನಿಂತರೆ ಪರದೇಶದವನೆಂದು ಹೇಳುವವರಿರಲಿಲ್ಲ.

ಪಾಸ್‌ಪೋರ್ಟನ್ನು ಯಾಕೆ ಹೀಗೆ ಹೊತ್ತು ತಿರುಗುತ್ತೀ ಎಂದು ಒಮ್ಮೆ ನಾನು ಕೇಳಿದೆ. ಅವನು ತಡೆದು ಹೇಳಿದ: ‘ನಮ್ಮ ಕಡೆ ಸಂಜಿಮುಂದ ಹೊರಗ ಹೋಗಬೇಕಂದ್ರ ಮೊದಲ ಕಿಸೆ ಮುಟ್ಟಿ ನೋಡ್ಕೋಬೇಕ್ರಿ, ಅಕ್ಕೋರ. ಅಲ್ಲಿ ದಂಗೆ ನಡದೈತ್ರಿ. ಗುರುತಿನ ಕಾರ್ಡ್ ಇರ್ಲಿಲ್ಲಂದ್ರ ಮಿಲಿಟ್ರಿಯವ್ರು ಹಿಡೀತಾರ, ತಿರುಗಿ ಮನಿಗೆ ಬರೂ ಖಾತ್ರಿ ಇಲ್ಲ. ನಮ್ಮವ್ವ ಬಾಗಲದಾಗ ನಿಂತು ಅದೊಂದ ಕೇಳ್ತಾಳ್ರಿ. ಊಟ ಮಾಡಿಯೇನು ಅಂತನೂ ಕೇಳೂದಿಲ್ಲ.’

ಅಪ್ಪನಿಗೆ ಮಾತ್ರ ಇದು ಸರಿಬರಲಿಲ್ಲ. ಬೈಠಕ್ಕುಗಳೆಲ್ಲ ರಾತ್ರಿಯವು. ಜನ ಒಬ್ಬರ ತೊಡೆಯ ಮೇಲೊಬ್ಬರು ಕುಳಿತು ಕೇಳುವರು, ಅಲ್ಲೇ ಜಮಖಾನೆಯ ಮೇಲೆ ನಿದ್ದೆ ಹೋಗುವರು, ಬೆಳಗಿನ ಬಸ್ಸಿಗೆ ನೂಕಾಡುವರು. ಹುಬ್ಬಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಅಪ್ಪನ ಕಿಸೆಗೇ ಎರಡು ಸಲ ಕತ್ತರಿ ಬಿದ್ದಿತ್ತು. ಒಂದು ಸಂಜೆ ಠಾಣೆಯ ಹವಾಲ್ದಾರ ಪ್ಯಾಂಟಿನ ಅಳತೆ ಕೊಡಲು ಬಂದಾಗ ಅಪ್ಪ ಈ ಮಾತು ತೆಗೆದ.

‘ಕಾಯ್ದೆ ಕೇಳಿದ್ರ ಮೈಮ್ಯಾಲ ಇರ್ಬೇಕು ನೋಡ್ರಿ,’ ಎಂದ ಹವಾಲ್ದಾರ. ‘ಆದ್ರ ಇವನ್ನ ಯಾರ ಕೇಳ್ತಾರ? ಕೆಂಪ ಮಾರಿಯವ್ರು ಇದ್ರ ಮಾತ ಬ್ಯಾರೆ. ಇಂವ ಅಗದಿ ನಮ್ಮ ಶಲವಡಿ ಊರಿನ ಹುಡುಗನಂಗ ಕಾಣ್ತಾನ.’

‘ನಾನೂ ಅದನ್ನ ಹೇಳೂದು,’ ಎಂದ ಅಪ್ಪ. ‘ಇದನ್ನ ಯಾವನರ ಹೊಡದ ಅಂದ್ರ ಈ ಹುಡುಗ ಯಾರ ಮುಂದ ಹೋಗಿ ಅಳಬೇಕು? ತಮ್ಮಾ, ಇದು ನಮ್ಮ ಟ್ರಂಕಿನ್ಯಾಗ ಇರ್ಲಿ. ನಾ ಕೀಲಿ ಹಾಕ್ತೀನಿ. ವೀಸಾದ ಸಲುವಾಗಿ ಧಾರವಾಡದ ಆಫೀಸಿಗೆ ಹೋಗೂ ದಿವಸ ತೊಗೊಂಡು ಹೋಗು. ರಾತ್ರಿ ಹಾಡು ಕೇಳಾಕ ಹೋಗಾವಗ ಇದು ಯಾಕ ಬೇಕು?’

ಅವನು ಕೂಡಲೇ ಒಪ್ಪಲಿಲ್ಲ. ಒಂದೆರಡು ತಿಂಗಳು ಅವರಿಬ್ಬರ ನಡುವೆ ಈ ವಾದ ಚಹಾ ಕುಡಿಯುವಾಗಲೆಲ್ಲ ನಡೆಯಿತು. ಕಡೆಗೆ ಸಂಶಿಯಲ್ಲೊಂದು ಬೈಠಕ್ಕಿಗೆ ಹೊರಟ ಸಂಜೆ ಅದನ್ನು ಕಿಸೆಯಿಂದ ತೆಗೆದು ಅಪ್ಪನ ಕೈಗಿಟ್ಟ. ಬೆಳಿಗ್ಗೆ ತಿರುಗಿ ಬಂದಾಗ ಅವನ ಮುಖ ನೋಡಬೇಕಿತ್ತು. ಕಣ್ಣು ನಿದ್ದೆಗೆಟ್ಟು ಕೆಂಪಾಗಿದ್ದವು. ಆದರೂ ಹೊಸ್ತಿಲಲ್ಲೇ ನಿಂತು, ‘ಯಾರೂ ಏನೂ ಕೇಳ್ಲಿಲ್ರಿ, ಅಕ್ಕೋರ!’ ಎಂದ. ಬರಿಗಿಸೆಯ ಮೇಲೆ ಎರಡು ಸಲ ತಟ್ಟಿಕೊಂಡು ತೋರಿಸಿದ. ಒಂದು ರಾತ್ರಿ ಯಾರಿಗೂ ಏನನ್ನೂ ತೋರಿಸದೆ ತಿರುಗಾಡಿ ಬರುವುದು ಅಷ್ಟು ದೊಡ್ಡ ಸುಖವೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅಂದಿನಿಂದ ಪಾಸ್‌ಪೋರ್ಟು ಅವ್ವನ ಧಾರೆಯ ಸೀರೆಯ ಕೆಳಗೆ, ಟ್ರಂಕಿನಲ್ಲಿ ಉಳಿಯಿತು.

ಆ ಚಳಿಗಾಲದಲ್ಲಿ ಕಲಘಟಗಿಯ ಆಚೆ ಒಂದು ಹಳ್ಳಿಯಲ್ಲಿ ಬೈಠಕ್ ಇತ್ತು. ಅಪ್ಪನಿಗೆ ಜ್ವರ ಬಂದಿದ್ದರಿಂದ ಅವನೊಬ್ಬನೇ ಹೊರಟ. ಹಾಗೇ ಮುಂದೆ ಯಲ್ಲಾಪುರದ ಕಡೆ ಪರಿಚಯದವರೊಬ್ಬರಿದ್ದಾರೆ, ಅಲ್ಲಿ ನಾಲ್ಕು ದಿನ ಇದ್ದು ಬರುತ್ತೇನೆ ಎಂದ. ಅವ್ವ ಶೇಂಗಾ ಹಿಂಡಿ, ರೊಟ್ಟಿ ಕಟ್ಟಿಕೊಟ್ಟಳು. ಶಾಲೆಗೆ ಹೊತ್ತಾಗಿತ್ತೆಂದು ನಾನು ಅವಸರದಲ್ಲಿ ‘ಹುಷಾರಿಲೆ ಹೋಗಿ ಬಾ’ ಎಂದಷ್ಟೇ ಹೇಳಿ ಹೊರಬಿದ್ದೆ.

ನಾಲ್ಕು ದಿನದ ಮೇಲೆ ಇನ್ನೂ ಹತ್ತು ದಿನ ಕಳೆದರೂ ನಮಗೆ ಚಿಂತೆಯಾಗಲಿಲ್ಲ. ಹಾಡು ಸಿಕ್ಕರೆ ಅವನು ದಿನ ಮರೆಯುವವ. ಕಲಿಸುತ್ತಿದ್ದ ಹಿರಿಯರೇ ‘ಹುಡುಗ ಎಲ್ಲಿ?’ ಎಂದು ಹೇಳಿ ಕಳಿಸಿದ ಮೇಲೆ ಅಪ್ಪ ಗಾಬರಿಯಾದ. ಜ್ವರ ಬಿಟ್ಟು ಇನ್ನೂ ಕಾಲಲ್ಲಿ ಬಲ ಬಂದಿರಲಿಲ್ಲ. ಆದರೂ ಬಸ್ಸು ಹತ್ತಿ ಆ ಹಳ್ಳಿಗೆ ಹೋದ. ಬೈಠಕ್ ನಡೆಸಿದ ಮನೆಯವರು, ‘ಅಂವ ಯಲ್ಲಾಪುರಕ್ಕ ಹೋಗ್ಲಿಲ್ರಿ. ತಬಲಾ ಮಾಸ್ತರಿಗೆ ಆರಾಮ ಇಲ್ಲ, ಮನಿಗೇ ಹೋಗ್ತೀನಿ ಅಂದ. ಬಸ್ಸು ತಪ್ಪಿತ್ತು, ಕಟಿಗಿ ಲಾರಿ ಹತ್ತಿ ಮುಂಜಾನೆ ಹೋದ,’ ಎಂದರು. ಕಲಘಟಗಿಯ ಚಹಾದಂಗಡಿಯಲ್ಲಿ ಕೇಳಿದಾಗ ಉಳಿದದ್ದು ತಿಳಿಯಿತು. ಆ ಲಾರಿ ದಾರಿಯಲ್ಲಿ ಮಗುಚಿತ್ತು. ಡ್ರೈವರ್ ಓಡಿಹೋಗಿದ್ದ. ಮೇಲೆ ಕುಳಿತಿದ್ದ ಕೂಲಿಗಳನ್ನು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಒಯ್ದಿದ್ದರು.

ಮರುದಿನ ನಾನು ರಜೆ ಹಾಕಿ ಅಪ್ಪನ ಜೊತೆ ಆಸ್ಪತ್ರೆಗೆ ಹೋದೆ. ಅಪ್ಪ ಪಾಸ್‌ಪೋರ್ಟನ್ನು ಒಂದು ಅರಿವೆಯಲ್ಲಿ ಸುತ್ತಿಕೊಂಡಿದ್ದ. ವಾರ್ಡಿನಲ್ಲಿ ಒಬ್ಬ ನರ್ಸಮ್ಮ ಅದರೊಳಗಿನ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ನಮ್ಮನ್ನು ಬೆಂಚಿನ ಮೇಲೆ ಕೂರಿಸಿದಳು. ಕೂರಿಸಿದಾಗಲೇ ನನಗೆ ತಿಳಿಯಿತು.

ಅವನು ಆ ವಾರ್ಡಿನಲ್ಲಿ ಒಂದು ವಾರ ಬದುಕಿದ್ದ. ತಲೆಗೆ ಪೆಟ್ಟು ಬಿದ್ದು ಕನ್ನಡ, ಹಿಂದಿ, ಇಂಗ್ಲಿಷ್ ಎಲ್ಲ ಹೋಗಿ ಅವನ ತಾಯಿಯ ಭಾಷೆ ಸಿಂಹಳವೊಂದೇ ಬಾಯಲ್ಲಿ ಉಳಿದಿತ್ತು. ಕೇರಳದವನಿರಬೇಕೆಂದು ಇವರು ಮಲಯಾಳಿ ನರ್ಸೊಬ್ಬಳನ್ನು ಕರೆತಂದರು. ಅವಳು ನಮ್ಮ ಭಾಷೆಯಲ್ಲ ಎಂದಳು. ಬೇಕರಿಯ ತಮಿಳಿನವನು ಬಂದು ಕೇಳಿ ಅವನೂ ತಲೆಯಲ್ಲಾಡಿಸಿದ. ಕೂಲಿಗಳಿಗೆ ಅವನು ಯಾರೆಂದು ಗೊತ್ತಿರಲಿಲ್ಲ. ಚೀಲ ಎಲ್ಲಿ ಬಿತ್ತೋ, ಸಿಗಲಿಲ್ಲ. ಬುದ್ಧಿ ಸರಿಯಿಲ್ಲದ ಅಲೆಮಾರಿ ಇರಬೇಕು ಎಂದುಕೊಂಡರು. ಪೊಲೀಸರು ಬಂದು ಒಂದು ಫೋಟೋ ತೆಗೆದುಕೊಂಡು ಹೋದರು.

‘ಎಚ್ಚರಾದಾಗೊಮ್ಮೆ ಎದಿ ತಟ್ಕೋತಿದ್ದಾ ರೀ,’ ಎಂದಳು ನರ್ಸಮ್ಮ. ‘ಹಿಂಗ, ಎಡಗಡೆ. ತಟ್ಟೂದು, ನಮ್ಮ ಮಾರಿ ನೋಡೂದು. ಎದಿ ನೋಯ್ತಿರ್ಬೇಕಂತ ಡಾಕ್ಟರು ಎಕ್ಸ್‌ರೇ ತೆಗಸಿದ್ರು. ಎದಿಯೊಳಗ ಏನೂ ಇರ್ಲಿಲ್ಲ.’

ಅಪ್ಪ ಅರಿವೆಯ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಗೋಡೆ ನೋಡುತ್ತ ಕುಳಿತ.

ಯಾರೂ ಕೇಳಿಕೊಂಡು ಬಾರದ್ದರಿಂದ ಹೆಣವನ್ನು ವಾರಸುದಾರರಿಲ್ಲದವರ ಜೊತೆ ಹೂತಾಗಿತ್ತು. ನಾವು ಹೋಗುವುದಕ್ಕೆ ಕೆಲವೇ ದಿನ ಮುಂಚೆ. ಠಾಣೆಯಲ್ಲಿ ಪಾಸ್‌ಪೋರ್ಟು ಕೊಟ್ಟೆವು. ಅಲ್ಲಿಂದ ಇನ್ನೊಂದು ಬಗೆಯ ಕಷ್ಟ ಶುರುವಾಯಿತು. ಪರದೇಶದವನ ಪಾಸ್‌ಪೋರ್ಟು ನಿಮ್ಮ ಟ್ರಂಕಿನಲ್ಲಿ ಯಾಕಿತ್ತು, ನೀವು ಯಾಕೆ ತೆಗೆದಿಟ್ಟುಕೊಂಡಿರಿ ಎಂದು ಅಪ್ಪನನ್ನು ಮೇಲಿಂದ ಮೇಲೆ ಕರೆಸಿದರು. ಕಾಯ್ದೆ ಹೇಳಿದ್ದ ಹವಾಲ್ದಾರ ಅಷ್ಟರಲ್ಲಿ ಬೇರೆ ಊರಿಗೆ ವರ್ಗವಾಗಿದ್ದ. ಅವನ ಹೆಸರನ್ನು ಅಪ್ಪ ಎತ್ತಲೂ ಇಲ್ಲ. ‘ನಾನ ಇಡಾಕ ಹೇಳಿದ್ನಿರಿ’ ಎಂದು ಪ್ರತಿ ಸಲವೂ ಅದೊಂದೇ ಮಾತು ಹೇಳಿ ಬರುತ್ತಿದ್ದ.

ಮಳೆಗಾಲಕ್ಕೆ ಮುಂಚೆ ಅವನ ಅಣ್ಣ ಬಂದ. ಮೂವತ್ತೈದರ ಆಸುಪಾಸಿನವನು. ಬಾಗಿಲಲ್ಲಿ ನಿಂತಾಗ ಅವ್ವ ಒಂದು ಗಳಿಗೆ ನಮ್ಮ ಹುಡುಗನೇ ಎಂದು ತಿಳಿದು ಕೂಗಿಬಿಟ್ಟಳು, ಅಷ್ಟು ಹೋಲಿಕೆ. ಪಾಸ್‌ಪೋರ್ಟು ಅಷ್ಟೊತ್ತಿಗೆ ಮೇಲಿನ ಕಚೇರಿಗೆ ಹೋಗಿತ್ತು, ಅವನ ಕೈಗೆ ಸಿಗಲಿಲ್ಲ. ಅಪ್ಪ, ನಾನು, ಅವನು ಮೂವರೂ ಹುಬ್ಬಳ್ಳಿಯ ಆ ಜಾಗಕ್ಕೆ ಹೋದೆವು. ಅಲ್ಲಿ ಕೆಲಸ ಮಾಡುವವನು ಜಾಲಿಗಿಡಗಳ ನಡುವಿನ ಬಯಲಿನತ್ತ ಕೈಬೀಸಿ, ‘ಆ ದಿನದಾಗ ಹೂತದ್ದು ಇದರಾಗ ಎಲ್ಲೋ ಬರ್ತೈತ್ರಿ. ಇದ ಅಂತ ಹೇಳಾಕ ಆಗೂದಿಲ್ಲ,’ ಎಂದ. ಅಣ್ಣ ತಂದಿದ್ದ ಹೂವನ್ನು ಎಲ್ಲಿಡಬೇಕೆಂದು ತಿಳಿಯದೆ ಬಹಳ ಹೊತ್ತು ಹಿಡಿದುಕೊಂಡು ನಿಂತ. ಆಮೇಲೆ ನಿಂತಲ್ಲೇ ಇಟ್ಟ.

ಮರಳಿ ಬಸ್‌ಸ್ಟ್ಯಾಂಡಿಗೆ ಬಂದು ಕುಳಿತಾಗ ಅವನು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದ. ರಾತ್ರಿ ಹೊರಗೆ ಹೋಗುವಾಗ ತಮ್ಮನು ಪಾಸ್‌ಪೋರ್ಟನ್ನು ಒಯ್ಯುತ್ತಿರಲಿಲ್ಲವೇ? ಅಮ್ಮ ಅಷ್ಟು ಸಲ ಹೇಳಿ ಕಳಿಸಿದ್ದಳಲ್ಲ?

ಏನು ಕೇಳಿದನೆಂದು ಅಪ್ಪ ನನ್ನ ಮುಖ ನೋಡಿದ. ಹೇಳಿದೆ. ಅಪ್ಪ ಎದ್ದು ಅವನ ಎದುರಿಗೆ ನಿಂತು, ‘ಮಗಳ, ಇವ್ರಿಗೆ ಹೇಳು. ಅಂವ ಒಯ್ತಿದ್ದ. ನಾ ಬ್ಯಾಡಂದೆ. ನಾ ಬ್ಯಾಡಂದಿದ್ದಕ್ಕ ಬಿಟ್ಟ ಅಂತ ಹೇಳು. ಒಂದ ಅಕ್ಷರ ಬಿಡಬ್ಯಾಡ,’ ಎಂದ.

ನಾನು ಒಂದಕ್ಷರ ಬಿಡದೆ ಹೇಳಿದೆ. ಅವನು ಬೈಯುತ್ತಾನೆಂದು ಕಾದೆ. ಬೈದಿದ್ದರೆ ಅಪ್ಪನಿಗೆ ಒಳ್ಳೆಯದಾಗುತ್ತಿತ್ತೋ ಏನೋ. ಅವನು ಅಪ್ಪನ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡ. ತಮ್ಮ ಮನೆಯಲ್ಲಿ ಮೂವರು ಗಂಡುಮಕ್ಕಳು ಎಂದ. ನಡುವಿನವನನ್ನು ಹೋದ ವರ್ಷ ಸಂಜೆ ಸಿನಿಮಾ ನೋಡಿ ಬರುವಾಗ ರಸ್ತೆಯಲ್ಲಿ ಸೈನಿಕರು ನಿಲ್ಲಿಸಿದರು. ಅವನ ಕಿಸೆಯಲ್ಲಿ ಕಾರ್ಡು ಇತ್ತು. ಕಾರ್ಡು ನೋಡಿದರು, ಹೆಸರು ಓದಿದರು, ಬೇಕಾದವನು ಇವನೇ ಎಂದು ಜೀಪು ಹತ್ತಿಸಿದರು. ಇವತ್ತಿಗೂ ಬಂದಿಲ್ಲ. ಕಾರ್ಡು ಇಲ್ಲದ ಅವನ ಗೆಳೆಯನನ್ನು ನಾಲ್ಕು ಏಟು ಹೊಡೆದು ಬಿಟ್ಟುಬಿಟ್ಟರು.

ಇದನ್ನು ನಾನು ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ‘ಹಂಗಾದ್ರ ಏನ್ ಮಾಡಬೇಕಿತ್ತು?’ ಎಂದು ಅಪ್ಪ ಕೇಳಿದ. ಕೇಳಿದ್ದು ನನ್ನನ್ನೋ ಅವನನ್ನೋ ಗೊತ್ತಾಗಲಿಲ್ಲ. ನಾನದನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ. ಅವನಿಗೆ ಅರ್ಥವಾಗಿತ್ತು ಎಂದು ಕಾಣುತ್ತದೆ, ಎರಡೂ ಕೈ ಅಂಗಾತ ಮಾಡಿ ತೋರಿಸಿದ. ಆಮೇಲೆ ಅವನ ಬಸ್ಸು ಬಂತು.

ನಮ್ಮಲ್ಲಿದ್ದ ಹುಡುಗ ಬೌದ್ಧ, ಅವರಲ್ಲಿ ಸತ್ತವರಿಗೆ ಏನು ಮಾಡುತ್ತಾರೋ ಅದಾಗದೆ ಹೋಯಿತಲ್ಲ ಎಂದು ಅವ್ವ ಕೊರಗತೊಡಗಿದಳು. ನಮ್ಮ ಓಣಿಯ ಹಿಂದಿದ್ದ ಬೌದ್ಧ ಮನೆತನದ ಹಿರಿಯನೊಬ್ಬನನ್ನು ಕರೆಸಿದಳು. ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವನು. ಮುಂದಿನ ಕೋಣೆಯಲ್ಲಿ ಮೇಣಬತ್ತಿ ಹಚ್ಚಿ, ಕಣ್ಣುಮುಚ್ಚಿ ನಾಲ್ಕು ಸಾಲು ಹೇಳಿದ. ‘ಇಷ್ಟು ಸಾಕೇನಪಾ?’ ಎಂದು ಅವ್ವ ಕೇಳಿದಳು. ‘ನನಗೆ ಬರೂದು ಇಷ್ಟ ನೋಡಬೇ,’ ಎಂದ ಅವನು. ಬತ್ತಿ ಆರುವತನಕ ಕುಳಿತೇ ಇದ್ದ.

ಅಪ್ಪ ಆಮೇಲೆ ಬೈಠಕ್ಕುಗಳಿಗೆ ಹೋಗಲಿಲ್ಲ. ಕರೆಯಲು ಬಂದವರಿಗೆ ಬೆರಳು ನೋವು ಎನ್ನುತ್ತಿದ್ದ. ಬಟ್ಟೆ ಹೊಲಿಯುವಾಗ ಅದೇ ಬೆರಳು ಎಂದಿನಂತೆ ಓಡುತ್ತಿದ್ದವು. ಕತ್ತಲಾದ ಮೇಲೆ ಮನೆಯವರು ಯಾರು ಹೊರಗೆ ಹೊರಟರೂ ಬಾಗಿಲತನಕ ಬಂದು, ಏನೋ ಹೇಳಲು ಬಾಯಿ ತೆರೆದು, ಹೇಳದೆ ಒಳಗೆ ಹೋಗುತ್ತಿದ್ದ. ಮೂರು ವರ್ಷ ಬದುಕಿದ.

ಈಗ ನಮ್ಮ ಬಳಗದಲ್ಲಿ ಬೇರೆ ದೇಶ ನೋಡಲು ಹೋಗುವವರಿದ್ದಾರೆ. ರಾತ್ರಿ ಊಟಕ್ಕೆ, ನಾಟಕಕ್ಕೆ ಹೊರಗೆ ಹೋಗುವಾಗ ಪಾಸ್‌ಪೋರ್ಟು ಒಯ್ಯಬೇಕೋ, ಹೋಟೆಲಿನಲ್ಲಿ ಬಿಡಬೇಕೋ ಎಂದು ನನ್ನೆದುರೇ ಮಾತಾಡಿಕೊಳ್ಳುತ್ತಾರೆ. ಒಬ್ಬರು ಕಳೆದರೆ ಗತಿಯೇನು ಎನ್ನುತ್ತಾರೆ, ಇನ್ನೊಬ್ಬರು ಕೇಳಿದರೆ ಗತಿಯೇನು ಎನ್ನುತ್ತಾರೆ. ವಯಸ್ಸಾದವಳೆಂದು ನನ್ನನ್ನೂ ಕೇಳುತ್ತಾರೆ. ನಾನು ಎದ್ದು ಚಹಾಕ್ಕೆ ನೀರಿಡಲು ಒಳಗೆ ಹೋಗುತ್ತೇನೆ.