ಮಾಲಿಂಗಪ್ಪ ಹೇಳದೇ ಬಿಟ್ಟ ಹೆಸರು

ಹೋದ ತಿಂಗಳು ಮೊಮ್ಮಗಳು ಮಯೂರಿ ತನ್ನ ಮೊಬೈಲಿನಲ್ಲಿ ಒಂದು ಕಾರ್ಯಕ್ರಮ ಹಚ್ಚಿದಳು. ಟಿ.ವಿ.ಯಲ್ಲಿ ಬರುವ ಅಮೆರಿಕದ ಕುಸ್ತಿಗಳ ಬಗ್ಗೆ ಹಿಂದೆ ಇಂಟರ್‌ನೆಟ್ ರೇಡಿಯೋದಲ್ಲಿ ಆಡಿದ ಮಾತುಗಳು ಅವು. ಅವನ್ನು ಹುಡುಕಿ ತೆಗೆದು ಮತ್ತೆ ಪ್ರಸಾರ ಮಾಡಿದವನು ಅರ್ಜುನನೆಂಬ ನಿರೂಪಕ. ಆದರೆ ಕೇಳಿಸಿದ ದನಿ ನನ್ನ ಹಳೆಯ ವಿದ್ಯಾರ್ಥಿ, ಮೂಡಲಗಿಯ ಮಾಲಿಂಗಪ್ಪನದು. ಅವನ ಹೆಸರು ಎಲ್ಲಿಯೂ ಇರಲಿಲ್ಲ. ‘ಅಜ್ಞಾತ ಧ್ವನಿ’ ಎಂದು ಬರೆದಿದ್ದರು. ಮೂರು ವರ್ಷ ಅವನಿಗೆ ಕನ್ನಡ ಕಲಿಸಿದ ನನಗೆ ಮೈಯೆಲ್ಲ ಉರಿಯಿತು.

ಮಾಲಿಂಗಪ್ಪ ಕುರಿ ಕಾಯುವ ಮನೆತನದವನು. ಬೆಳಿಗ್ಗೆ ರಾಯಪ್ಪ ವಸ್ತಾದರ ಗರಡಿಯಲ್ಲಿ ಕುಸ್ತಿ ಕಲಿತು, ಅಲ್ಲಿಂದಲೇ ತರಗತಿಗೆ ಬರುತ್ತಿದ್ದ. ಕಿವಿಯ ಹಿಂದೆ ಕೆಮ್ಮಣ್ಣು ಉಳಿದೇ ಇರುತ್ತಿತ್ತು. ಹುಕ್ಕೇರಿಯ ಮೈದಾನದಲ್ಲಿ ಮೊಣಕಾಲು ಮುರಿದ ಮೇಲೆ, ಮೈಕು ಹಿಡಿದು ಕುಸ್ತಿಗಿಳಿಯುವ ಜೋಡಿಗಳ ಹೆಸರು ಕೂಗುವವನಾದ. ನಮ್ಮ ಕಡೆ ಪೈಲ್ವಾನನು ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವುದಿಲ್ಲ. ಮೈಕಿನವನು ಮೊದಲು ಊರು, ಆಮೇಲೆ ಕಲಿಸಿದ ವಸ್ತಾದರು, ಕಡೆಗೆ ಪೈಲ್ವಾನನ ಹೆಸರು ಕೂಗಬೇಕು.

೨೦೦೭ರಲ್ಲಿ ಅವನು ಗೋಕಾಕದ ಬಸ್‌ಸ್ಟ್ಯಾಂಡಿನ ಬಾಜೂ ಇಂಟರ್‌ನೆಟ್ ಅಂಗಡಿ ಹಾಕಿದ. ರವಿವಾರ ಮಧ್ಯಾಹ್ನ ಬಾಗಿಲು ಅರ್ಧ ಎಳೆದು ರೇಡಿಯೋ ಶುರು ಮಾಡುತ್ತಿದ್ದ. ಕೇಳುವವರು ನಲವತ್ತು ಮಂದಿ: ದುಬೈಯಲ್ಲಿ ಗಾಡಿ ಓಡಿಸುವವರು, ಪುಣೆಯ ಕಾರ್ಖಾನೆಯವರು, ಒಮ್ಮೊಮ್ಮೆ ನಾನು. ಟಿ.ವಿ.ಯ ಆ ಅಮೆರಿಕದ ಕುಸ್ತಿ ಮೊದಲೇ ಮಾತಾಡಿಕೊಂಡು ಆಡುವಂಥದ್ದೆಂದು ಅವನಿಗೆ ಗೊತ್ತಿತ್ತು.

“ಸೋಲು ಗೆಲುವು ಸುಳ್ಳ ಇರಬಹುದು ಸರ, ಬೆನ್ನ ಮ್ಯಾಲೆ ಬಿದ್ದದ್ದು ಖರೆ ಐತಿ” ಎನ್ನುತ್ತಿದ್ದ.

ಮುಖವಾಡ ಹಾಕಿದವನಿಗೂ ಕಲಿಸಿದವನೊಬ್ಬ ಇರಲೇಬೇಕೆಂದು ವಾರವಿಡೀ ಹುಡುಕುತ್ತಿದ್ದ. ಗುರುವಿನ ಹೆಸರು ಸಿಗದಿದ್ದರೆ ಆ ವಾರ ಅಂಥ ಪೈಲ್ವಾನನ ಮಾತನ್ನೇ ಎತ್ತುತ್ತಿರಲಿಲ್ಲ. ತನಗೂ ಅದೇ ರೂಢಿ. “ಮೂಡಲಗಿ ರಾಯಪ್ಪ ವಸ್ತಾದರ ಗರಡಿಯಿಂದ ನಮಸ್ಕಾರ್ರಿ” ಎಂದು ಆರಂಭಿಸುವನು. ಎಂಬತ್ತನಾಲ್ಕು ಕಂತುಗಳಲ್ಲಿ ಒಮ್ಮೆಯೂ ತನ್ನ ಹೆಸರು ಹೇಳಿಕೊಳ್ಳಲಿಲ್ಲ.

ಅರ್ಜುನನ ಸಂಸ್ಥೆಗೆ ನಾನು ಮೂರು ಪತ್ರ ಬರೆದೆ. ಮೂರನೆಯದಕ್ಕೆ ಅವನೇ ಮಾಲಿಂಗಪ್ಪನ ಅಂಗಡಿಗೆ ಬಂದ; ನಾನೂ ಅಲ್ಲಿದ್ದೆ. ಮಾತಿನಲ್ಲಿ ಹೆಸರಿಲ್ಲದ್ದರಿಂದ ವಾರಸುದಾರರಿಲ್ಲವೆಂದು ತಿಳಿದೆವು ಎಂದ. ಆರಂಭದಲ್ಲಿ ಮೂಡಲಗಿ, ರಾಯಪ್ಪ ಎಂದು ಕೇಳಲಿಲ್ಲವೇ ಎಂದೆ. ಈಗಿನವರಿಗೆ ಅಷ್ಟು ತಾಳ್ಮೆ ಇಲ್ಲ, ಮೊದಲ ಎರಡು ನಿಮಿಷ ಎಲ್ಲದರಲ್ಲೂ ಕತ್ತರಿಸಿದ್ದೇವೆ ಎಂದ.

ಅಂದರೆ ಕೇಳಿದ್ದರು. ಕೇಳಿ, ಕತ್ತರಿಸಿ, ಆಮೇಲೆ ಅಜ್ಞಾತ ಎಂದು ಬರೆದಿದ್ದರು. ಮೂವತ್ತೆಂಟು ವರ್ಷ ಪಾಠ ಹೇಳಿದ್ದೇನೆ. ನಕಲು ಮಾಡುವ ಹುಡುಗರಲ್ಲೂ ಇಷ್ಟು ಧೈರ್ಯ ಕಂಡಿಲ್ಲ. ಮೂಡಲಗಿಯ ಯಾವ ಚಹಾದಂಗಡಿಯಲ್ಲಿ ವಿಚಾರಿಸಿದ್ದರೂ ಇವನ ಮನೆ ತೋರಿಸುತ್ತಿದ್ದರು.

ಮಾಲಿಂಗಪ್ಪನ ಹೆಂಡತಿ ಸೀತವ್ವ ಚಹಾ ತಂದಿಟ್ಟಳು. “ಊರ ಹೆಸರ ಕೇಳಿಸಿತು, ವಸ್ತಾದರ ಹೆಸರ ಕೇಳಿಸಿತು, ಮನಿ ಅಷ್ಟ ಸಿಗಲಿಲ್ಲೇನ್ರಿ? ಚಾ ಕುಡೀರಿ, ಆಮ್ಯಾಲೆ ತೋರಸ್ತೀನಿ.”

ಅರ್ಜುನನ ಮುಖ ಸಣ್ಣದಾಯಿತು. ಮಾಲಿಂಗಪ್ಪನ ಹೆಸರನ್ನು ಆ ದಿನವೇ ಹಾಕುವುದಾಗಿ ಒಪ್ಪಿದ. ಕತ್ತರಿಸಿದ್ದನ್ನು ಮಾತ್ರ ಮತ್ತೆ ಸೇರಿಸಲಾಗದು ಎಂದ. ನಿಜ ಹೇಳಬೇಕೆಂದರೆ, ನಾನು ಅಷ್ಟಕ್ಕೇ ತಲೆಯಾಡಿಸಿಬಿಟ್ಟಿದ್ದೆ. ಮಾಲಿಂಗಪ್ಪ ಕುಡಿಯದ ಕಪ್ಪನ್ನು ಕೆಳಗಿಟ್ಟ.

“ವಸ್ತಾದರು ತೀರಿಕೊಂಡು ಒಂಬತ್ತು ವರ್ಷ ಆತು. ಅವರ ಹೆಸರ ಕೊಯ್ದು ನನ್ನ ಹೆಸರ ಹಚ್ಚಿದ್ರ, ನಾ ಯಾವ ಮಾರಿ ಹೊತ್ತು ಗರಡಿ ಬಾಗಲಾ ದಾಟಲಿ? ಅವರದು ಇಲ್ಲಂದ್ರ ನನ್ನದೂ ಬ್ಯಾಡ. ಎಲ್ಲಾ ತಗದ ಬಿಡ್ರಿ.”

ಎಂಟು ದಿನಕ್ಕೆ ತೆಗೆದರು. ತಪ್ಪಾಯಿತೆಂಬ ಒಂದು ಸಾಲೂ ಬರೆಯಲಿಲ್ಲ.

ಮಾಲಿಂಗಪ್ಪ ಟ್ರಂಕಿನಿಂದ ಹಳೆಯ ಸಿ.ಡಿ.ಗಳನ್ನು ಹೊರತೆಗೆದ. ಎಲ್ಲ ಕಂತುಗಳನ್ನೂ ಇಡಿಯಾಗಿ ತಾನೇ ಇಂಟರ್‌ನೆಟ್ಟಿಗೆ ಏರಿಸಲು ಕುಳಿತ. ಈಗಲಾದರೂ ಪ್ರತಿ ಕಂತಿನ ಆರಂಭದಲ್ಲಿ ನಿನ್ನ ಹೆಸರು ಸೇರಿಸು, ನಾಳೆ ಇನ್ನೊಬ್ಬನು ಬಂದು ಅಜ್ಞಾತ ಎಂದಾನು ಎಂದು ನಾನು ಗದರಿದೆ. ಅವನು ಒಪ್ಪಲಿಲ್ಲ. ಆಗ ಅವನ ಮೇಲೂ ಸಿಟ್ಟು ಬಂತು.

“ಪೈಲ್ವಾನ ತನ್ನ ಹೆಸರ ತಾನ ಕೂಗತಾನೇನ್ರಿ ಸರ?” ಎಂದು ಮೈಕನ್ನು ನನ್ನ ಕಡೆ ಸರಿಸಿದ. “ನೀವ ಕೂಗ್ರಿ.”

ಊರು ಮೂಡಲಗಿ, ವಸ್ತಾದರು ರಾಯಪ್ಪನವರು, ಮಾತಾಡುವವನು ಮಾಲಿಂಗಪ್ಪ ಎಂದು ಕೂಗಿದೆ. ಸಿಟ್ಟಿಗೆ ದನಿ ಒಡೆದಿತ್ತು. ಇನ್ನೊಮ್ಮೆ ಮೆತ್ತಗೆ ಹೇಳಿರೆಂದು ಸೀತವ್ವ ಅಂದಳು. ನಾನು ಹೇಳಲಿಲ್ಲ. ಎಂಬತ್ತನಾಲ್ಕು ಕಂತುಗಳ ಮುಂದೆಯೂ ಈಗ ಆ ಒಡೆದ ದನಿಯೇ ಇದೆ.