ಮಾವನ ತಲೆಯ ಮೇಲೆ ತಾಮ್ರದ ಸುರುಳಿ

ಹೋದ ವರ್ಷ ನಮ್ಮ ಮಾವನವರು ಅತ್ತೆಯವರನ್ನು ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಬಿಟ್ಟು ಹರಿಹರಕ್ಕೆ ಹೋಗಿಬಿಟ್ಟರು.

ಜಗಳ ಆಡಿ ಅಲ್ಲ. ಮರೆತು.

ನೆಂಟರ ಮನೆ ಗೃಹಪ್ರವೇಶಕ್ಕೆ ಇಬ್ಬರೂ ಸ್ಕೂಟರಿನಲ್ಲಿ ಬಂದಿದ್ದರು. ಊಟ ಆಯಿತು. "ಪೆಟ್ರೋಲ್ ಹಾಕಿಸ್ಕೊಂಡು ಬರ್ತೀನಿ, ನೀನು ಎಲೆ ಅಡಿಕೆ ಹಾಕ್ಕೊಂಡು ಹೊರಗೆ ಬಾ" ಅಂತ ಹೋದ ಮಾವ, ಪೆಟ್ರೋಲ್ ಹಾಕಿಸಿಕೊಂಡು ನೆಟ್ಟಗೆ ಹರಿಹರದ ಮನೆ ಸೇರಿದ್ದಾರೆ. ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, "ಗಿರಿಜಾ, ನೀರು ಕೊಡು" ಅಂತ ಕೂಗಿದ್ದಾರೆ. (ಇದನ್ನು ಆಮೇಲೆ ಅವರೇ ಹೇಳಿದ್ದು.)

ಸುದ್ದಿ ಕೇಳಿ ನಾವೆಲ್ಲ ನಕ್ಕೆವು. ಹೆಂಡತಿಯನ್ನು ಮರೆಯುವ ಭಾಗ್ಯ ಎಲ್ಲರಿಗೂ ಸಿಗುತ್ತಾ ಅಂತ ನಾನೂ ಒಂದು ಜೋಕು ಬಿಟ್ಟೆ. ಆಟೋ ಹಿಡಿದು ದಾವಣಗೆರೆಯಲ್ಲೇ ಇರುವ ನಮ್ಮ ಮನೆಗೆ ಬಂದಿದ್ದ ಅತ್ತೆ ಮಾತ್ರ ನಗಲಿಲ್ಲ.

"ಆರು ತಿಂಗಳಿಂದ ಹಿಂಗೇ ಐತೆ. ಯಾರಿಗೂ ಗೊತ್ತಾಗೋದು ಬ್ಯಾಡ ಅಂತ ನಾನೇ ಮುಚ್ಚಿಟ್ಕೊಂಡು ಬಂದೀನಿ" ಅಂದರು.

ಜೋಕು ಅಲ್ಲೇ ಸತ್ತಿತು.

ಮಾವನ ಹೆಸರು ರುದ್ರಪ್ಪ. ಹರಿಹರದ ಕಾರ್ಖಾನೆಯೊಂದರಲ್ಲಿ ಮೂವತ್ತಮೂರು ವರ್ಷ ಮೋಟರ್ ವೈಂಡಿಂಗ್ ಮಾಡಿದವರು. ಸುಟ್ಟುಹೋದ ಮೋಟರಿನ ಹೊಟ್ಟೆಯಿಂದ ಹಳೇ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿ, ಮತ್ತೆ ತಿರುಗುವಂತೆ ಮಾಡುವುದು ಅವರ ಕೆಲಸ. ಎಷ್ಟು ಸುತ್ತು ಅನ್ನುವುದು ಅಲ್ಲಿ ಮುಖ್ಯ. ಸುತ್ತುತ್ತಾ ಇದ್ದಾಗ ಯಾರಾದರೂ ಮಾತಾಡಿಸಿದರೆ ಕೈ ಎತ್ತಿ "ತಡಿ" ಅನ್ನುತ್ತಿದ್ದರಂತೆ. ಅಂಥವರಿಗೆ ಲೆಕ್ಕ ತಪ್ಪತೊಡಗಿತ್ತು.

ನರರೋಗದ ಡಾಕ್ಟರು ಸ್ಕ್ಯಾನು, ಪರೀಕ್ಷೆ ಎಲ್ಲ ಮಾಡಿ ಅಲ್ಝೈಮರ್ ಅಂದರು. ಆರಂಭದ ಹಂತ. ಮಾತ್ರೆ ಶುರುವಾಯಿತು. ಸ್ಕೂಟರಿನ ಕೀಲಿ ಅತ್ತೆಯ ಸೊಂಟಕ್ಕೆ ಹೋಯಿತು. ಮಾವ ನಿಧಾನಕ್ಕೆ ಮಾತೇ ಬಿಟ್ಟರು. ತಪ್ಪಾಡಿದರೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರಲ್ಲ, ಅದಕ್ಕಿಂತ ಸುಮ್ಮನಿರುವುದು ವಾಸಿ ಅಂತ ಇರಬೇಕು.

ಕೆಲವು ತಿಂಗಳಾದ ಮೇಲೆ ಡಾಕ್ಟರು ಒಂದು ಮಾತು ಹೇಳಿದರು. ತಲೆಗೆ ಹೊರಗಿನಿಂದಲೇ ಅಯಸ್ಕಾಂತದ ಮಿಡಿತ ಕೊಡುವ ಚಿಕಿತ್ಸೆ ಇದೆಯಂತೆ. ಕುಯ್ಯುವುದಿಲ್ಲ, ಚುಚ್ಚುವುದಿಲ್ಲ, ಮಂಪರು ಇಲ್ಲ. "ಕೆಲವರಿಗೆ ಸ್ವಲ್ಪ ಅನುಕೂಲ ಆಗೈತೆ, ಕೆಲವರಿಗೆ ಏನೂ ಆಗಿಲ್ಲ. ಗ್ಯಾರಂಟಿ ಕೇಳಬ್ಯಾಡ್ರಿ. ಮಾತ್ರೆ ಬಿಡೋ ಹಂಗೂ ಇಲ್ಲ. ಇದು ಅದರ ಜೊತೆಗೆ" ಅಂದರು. ಆಮೇಲೆ ನಮ್ಮನ್ನೆಲ್ಲ ಬಿಟ್ಟು ಮಾವನ ಕಡೆ ತಿರುಗಿ, "ನೀವೇನಂತೀರಿ?" ಅಂತ ಕೇಳಿದರು.

ಮಾವ ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ಶೈಲಾ "ಒಪ್ಕೋತಾರೆ ಡಾಕ್ಟ್ರೇ" ಅಂದಳು.

ಒಪ್ಪಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯವರು ಬಂದು "ತಲೆಗೆ ಕರೆಂಟ್ ಕೊಡ್ತಾರಂತಲ್ರೀ" ಅಂತ ಕಾಳಜಿ ತೋರಿಸಿ ಹೋಗಿದ್ದರು. (ಇಂಥ ಕಾಳಜಿಗೆ ನಮ್ಮಲ್ಲಿ ಬರಗಾಲವೇ ಇಲ್ಲ.) ಹೊರಡುವ ದಿನ ಮಾವ ಕುರ್ಚಿ ಬಿಟ್ಟು ಏಳಲೇ ಇಲ್ಲ. "ಕರೆಂಟ್ ಏನು ಅಂತ ನನಗೆ ಗೊತ್ತು, ಬಿಡ್ರಿ" ಅಂದರು.

"ಮಾವಾರೇ, ಅದು ಕರೆಂಟ್ ಅಲ್ವಂತೆ. ಒಂದು ತಾಮ್ರದ ಸುರುಳಿ ಐತಂತೆ, ಅದನ್ನ ತಲೆ ಹತ್ರ ಹಿಡೀತಾರಂತೆ" ಅಂದೆ.

ಮಾವ ನನ್ನ ಮುಖ ನೋಡಿದರು. "ಸುರುಳಿನಾ?"

ಎದ್ದು ಚಪ್ಪಲಿ ಹಾಕಿಕೊಂಡರು.

ಹರಿಹರದಿಂದ ದಾವಣಗೆರೆಗೆ ಕಾರಿನಲ್ಲಿ ಎಷ್ಟು ಹೊತ್ತು, ಅರ್ಧ ಗಂಟೆ. ನಾವಿಬ್ಬರೇ ಇದ್ದೆವು. ಅರ್ಧ ದಾರಿಯಲ್ಲಿ ಮಾವ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು. "ಅಳಿಯಂದ್ರೆ, ಮೋಟರ್ ಸುಡೋಕೆ ಮುಂಚೆ ಒಂಥರಾ ವಾಸನೆ ಬರ್ತೈತೆ. ಹೊರಗಿನವರಿಗೆ ತಿಳಿಯಲ್ಲ. ನನಗೆ ಆ ವಾಸನೆ ಯಾವಾಗ್ಲೋ ಬಂದೈತೆ."

ನಾನು ಗೇರ್ ಬದಲಿಸಿದೆ.

ಆಸ್ಪತ್ರೆಯಲ್ಲಿ ಯಂತ್ರ ನೋಡಿಕೊಳ್ಳುವವರು ರೇಷ್ಮಾ ಅಂತ, ನಲವತ್ತರ ಆಸುಪಾಸಿನ ಹೆಣ್ಣುಮಗಳು. "ಬರ್ರಿ ಯಜಮಾನ್ರೆ, ಕೂಡ್ರಿ" ಅಂದರು. ಹಿಂದೆ ಫಿಟ್ಸ್ ಬಂದಿತ್ತಾ, ಎದೆಯಲ್ಲಿ ಪೇಸ್‌ಮೇಕರ್ ಇದೆಯಾ ಅಂತ ಕೇಳಿ, ಮೊಬೈಲು, ವಾಚು, ಕನ್ನಡಕ ತೆಗೆಸಿ, ಕಿವಿಗೆ ಹತ್ತಿಯಂಥದ್ದು ಕೊಟ್ಟರು. ಮಾವನ ಕಣ್ಣು ಮಾತ್ರ ಆ ಸುರುಳಿಯ ಮೇಲೆ. ಎಂಟರ ಆಕಾರ. ಮೇಲೆ ಪ್ಲಾಸ್ಟಿಕ್ ಹೊದಿಕೆ.

"ಒಳಗೆ ತಾಮ್ರನೇನವ್ವ?"

"ಹೌದ್ರಿ."

"ಎಷ್ಟು ಸುತ್ತು?"

ರೇಷ್ಮಾ ತಬ್ಬಿಬ್ಬಾದರು. ಯಾವ ಪೇಷಂಟೂ ಇದನ್ನು ಕೇಳಿರಲಿಲ್ಲ. "ಗೊತ್ತಿಲ್ಲ ಯಜಮಾನ್ರೆ. ಕಂಪನಿ ಇಂಜಿನಿಯರ್‌ನ ಕೇಳಿ ಹೇಳ್ತೀನಿ."

ಮಿಡಿತ ಎಷ್ಟು ಜೋರಿರಬೇಕು ಅಂತ ಗೊತ್ತುಮಾಡಲು ಮೊದಲು ತಲೆಯ ಒಂದು ಕಡೆ ಸುರುಳಿ ಹಿಡಿದರು. ಟಕ್. ಮಾವನ ಹೆಬ್ಬೆರಳು ತನ್ನಷ್ಟಕ್ಕೆ ಕುಣಿಯಿತು. ಮಾವ ಬೆರಳನ್ನು ನೋಡಿದರು, ನನ್ನನ್ನು ನೋಡಿದರು. "ನನ್ನ ಬೆರಳು ನನ್ನ ಕೇಳ್ದೇ ಅಲ್ಲಾಡಿತು" ಅಂದರು. ಎಷ್ಟೋ ತಿಂಗಳ ಮೇಲೆ ಅವರು ನಕ್ಕಿದ್ದು ಅವತ್ತು.

ಆಮೇಲೆ ಭಾನುವಾರ ಬಿಟ್ಟು ದಿನಾ ಓಡಾಟ. ದಿನಾ ಅರ್ಧ ಗಂಟೆ ಟಕ್ ಟಕ್. ದಿನಾ ಅದೇ ಪ್ರಶ್ನೆ. "ಒಳಗೆ ತಾಮ್ರನೇನವ್ವ? ಎಷ್ಟು ಸುತ್ತು?" ಹೊಸದಾಗಿ ಕೇಳಿದಂತೆ. ರೇಷ್ಮಾ ಕೂಡ ಹೊಸದಾಗಿ ಕೇಳಿಸಿಕೊಂಡಂತೆ, "ಕೇಳಿ ಹೇಳ್ತೀನಿ ಯಜಮಾನ್ರೆ" ಅನ್ನುವರು. ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಮೊದಲ ವಾರ ನನಗೆ ಮುಜುಗರ ಆಯಿತು. ಎರಡನೇ ವಾರ ದುಃಖ ಆಯಿತು. ಮೂರನೇ ವಾರಕ್ಕೆ ನಾನು ಹೊರಗೆ ಕೂತು ಪೇಪರ್ ಓದತೊಡಗಿದೆ.

ನಾಲ್ಕನೇ ವಾರದ ಒಂದು ದಿನ ಅತ್ತೆಯೂ ಜೊತೆಗೆ ಬಂದಿದ್ದರು. ಹಾಗಾಗಿ ನಾನೂ ಒಳಗೆ ಹೋದೆ. ಮಾವ ಕುರ್ಚಿಯಲ್ಲಿ ಕೂತರು. ಕನ್ನಡಕ ತೆಗೆದು ಕೈಗಿತ್ತರು. ಸುರುಳಿ ನೋಡಿದರು. ಈಗ ಕೇಳುತ್ತಾರೆ ಅಂತ ನಾನು ಕಾದೆ.

"ಏನವ್ವ," ಅಂದರು, "ದಿನಾ ಇಂಜಿನಿಯರ್‌ನ ಕೇಳಿ ಹೇಳ್ತೀನಿ ಅಂತೀಯ. ಇನ್ನೂ ಕೇಳೇ ಇಲ್ಲ ನೀನು."

ರೇಷ್ಮಾರ ಕೈ ಗಾಳಿಯಲ್ಲೇ ನಿಂತಿತು. ಅತ್ತೆ ಸೆರಗು ಬಾಯಿಗೆ ಹಿಡಿದರು.

ನೆನಪು ವಾಪಸ್ ಬಂದಾಗ ಹೆಂಗೆ ಬರುತ್ತೆ ಅಂತ ನೀವು ಅಂದುಕೊಂಡಿದ್ದೀರಿ? ಹಳೇ ಹಾಡು, ಕಣ್ಣೀರು, ಅಪ್ಪುಗೆ? ನಮ್ಮ ಮನೆಯಲ್ಲಿ ಅದು ಕಂಪ್ಲೇಂಟಾಗಿ ಬಂತು.

"ತಪ್ಪಾಯ್ತು ಯಜಮಾನ್ರೆ," ಅಂದ ರೇಷ್ಮಾ ಅಲ್ಲೇ ಫೋನು ಹಚ್ಚಿದರು. ಅದನ್ನೆಲ್ಲ ಹೇಳುವ ಹಾಗಿಲ್ಲ ಅಂದರಂತೆ ಇಂಜಿನಿಯರ್. ಮಾವ ತಲೆಯಾಡಿಸಿದರು. "ಅವನಿಗೂ ಗೊತ್ತಿಲ್ಲ. ಗೊತ್ತಿದ್ದವನು ಹೇಳ್ತಿದ್ದ."

ಚಿಕಿತ್ಸೆ ಮುಗಿದ ಮೇಲೆ ಡಾಕ್ಟರು ಮತ್ತೆ ಪರೀಕ್ಷೆ ಮಾಡಿದರು. ಕೆಲವುಗಳಲ್ಲಿ ಸ್ವಲ್ಪ ಸುಧಾರಿಸಿದೆ, ಕೆಲವುಗಳಲ್ಲಿ ಇದ್ದ ಹಾಗೇ ಇದೆ. "ಖುಷಿ ಪಡ್ರಿ. ಆದ್ರೆ ಕಾಯಿಲೆ ಹೋಯ್ತು ಅನ್ಕೋಬ್ಯಾಡ್ರಿ. ಇದು ಎಷ್ಟು ದಿನ ನಿಲ್ತೈತೋ ನನಗೂ ಗೊತ್ತಿಲ್ಲ."

"ಯಂತ್ರದಿಂದಾನೇ ಆಗಿದ್ದಾ ಡಾಕ್ಟ್ರೇ? ಇಲ್ಲಾ ಮಾತ್ರೆಯಿಂದಲಾ? ದಿನಾ ಓಡಾಡಿ, ಮಾತಾಡಿದ್ದಕ್ಕಾ?" ಅಂತ ಕೇಳಿದೆ.

"ಒಬ್ಬರನ್ನ ನೋಡಿ ಹೇಳಕ್ಕಾಗಲ್ಲ. ಅದಕ್ಕೇ ಇನ್ನೂ ಸಂಶೋಧನೆ ನಡೀತಾ ಐತೆ."

ಆದ್ದರಿಂದ ಇದನ್ನು ಓದಿ ನಾಳೆಯೇ ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ಓಡಬೇಡಿ. ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಮಾವ ಈಗಲೂ ಒಮ್ಮೊಮ್ಮೆ ಕನ್ನಡಕ ಹಾಕಿಕೊಂಡೇ ಕನ್ನಡಕ ಹುಡುಕುತ್ತಾರೆ. (ಅದನ್ನು ನಾನೂ ಮಾಡುತ್ತೇನೆ.) ಆದರೆ ಮೊನ್ನೆ ಅತ್ತೆ ಫೋನ್ ಮಾಡಿ, "ಇವತ್ತು ಸಾರಿಗೆ ಉಪ್ಪು ಜಾಸ್ತಿ ಅಂತ ನಿಮ್ಮ ಮಾವ ಬೈದ್ರು ನೋಡ್ರಿ" ಅಂತ ಹೇಳಿದ ಧಾಟಿ ಕೇಳಬೇಕಿತ್ತು. ಬಹುಮಾನ ಬಂದವರ ಹಾಗೆ.

ಹೋದ ವಾರ ಆನಗೋಡಿನಲ್ಲಿ ಒಂದು ಮದುವೆ. ಮಾವ ನನ್ನ ಪಕ್ಕದಲ್ಲೇ ಕೂತಿದ್ದರು. ಹುಡುಗಿ ಕಡೆಯ ಹಿರಿಯರೊಬ್ಬರು ಬಂದು, ಮಾವನ ತಲೆಯ ಮೇಲಿಂದ ಬಗ್ಗಿ ನನ್ನ ಕೇಳಿದರು. "ಹೆಂಗದಾರೆ ನಿಮ್ಮ ಮಾವ? ಗುರ್ತು ಹಿಡೀತಾರಾ?"

ಉತ್ತರ ನನ್ನ ನಾಲಿಗೆ ತುದಿಯಲ್ಲೇ ಇತ್ತು. ನುಂಗಿಕೊಂಡು, "ಇಲ್ಲೇ ಅದಾರಲ್ರೀ, ಅವರನ್ನೇ ಕೇಳ್ರಿ" ಅಂದೆ.

ಅವರು ಕಕ್ಕಾಬಿಕ್ಕಿಯಾಗಿ, ಕಿವುಡರಿಗೆ ಹೇಳುವಂತೆ ದನಿ ಏರಿಸಿ, "ರುದ್ರಪ್ಪಾರೇ, ನನ್ನ ಹೆಸರು ಹೇಳ್ರಿ ನೋಡಾನ" ಅಂದರು.

ಮಾವ ಅವರನ್ನು ಮೇಲಿಂದ ಕೆಳಗೆ ನೋಡಿದರು. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದರು.

"ನನಗೆ ಮರೆವು ಐತೆ, ಖರೆ," ಅಂದರು. "ಆದ್ರೆ ನಿಮ್ಮ ಹೆಸರು ಮೊದಲೂ ಗೊತ್ತಿರಲಿಲ್ಲ."

ಪಕ್ಕದಲ್ಲೇ ಕೂತವರ ಆರೋಗ್ಯವನ್ನು ನಾವು ಯಾಕೆ ಮೂರನೆಯವರ ಹತ್ತಿರ ವಿಚಾರಿಸುತ್ತೇವೆ?