ಲಾಲ್ಯಾನ ಮೈ ತೊಳೆದವರು ಯಾರು

ನಾನು ಚಿಕ್ಕವಳಿದ್ದಾಗ, ನನಗಿನ್ನೂ ಒಂಬತ್ತು ತುಂಬಿರಲಿಲ್ಲ, ನರೋಣಾದ ನಮ್ಮ ಮನೆಯ ಅಂಗಳದ ನಡುವೆ ಒಂದು ಗೋಡೆ ಎದ್ದಿತು. ಅಪ್ಪನಿಗೂ ಅಪ್ಪನ ತಮ್ಮನಿಗೂ, ಅಂದರೆ ನಮ್ಮ ಕಾಕಾನಿಗೂ, ಹೊಲದ ಬದುವಿನ ಮೇಲೆ ಜಗಳವಾಗಿತ್ತು. ಎರಡು ಮಾರು ಅಗಲದ ಜಾಗ ಅಷ್ಟೆ. ಅದರಲ್ಲಿ ನಾಲ್ಕು ಸಾಲು ತೊಗರಿ ಬರುತ್ತಿತ್ತು. ಆದರೆ ಆ ಜಾಗ ನನ್ನದು ಅಂತ ಇಬ್ಬರೂ ಹೇಳಿದರು, ಇಬ್ಬರೂ ಬಿಡಲಿಲ್ಲ. ಕಡೆಗೆ ಮನೆ ಪಾಲಾಯಿತು. ಕಲ್ಲು ಮಣ್ಣಿನ ಆ ಗೋಡೆ ಅಪ್ಪನ ಎದೆಯೆತ್ತರಕ್ಕಿತ್ತು. ಬಚ್ಚಲು ನಮ್ಮ ಕಡೆ ಉಳಿಯಿತು, ಬೇವಿನ ಮರ ಕಾಕಾನ ಕಡೆ ಹೋಯಿತು. ಮರದ ಎರಡು ಕೊಂಬೆ ಮಾತ್ರ ಗೋಡೆ ದಾಟಿ ನಮ್ಮ ಅಂಗಳಕ್ಕೆ ಬಾಗಿದ್ದವು.

ಆಮೇಲೆ ಎರಡು ವರ್ಷ ಅಪ್ಪ ಮತ್ತು ಕಾಕಾ ಒಂದು ಮಾತೂ ಆಡಲಿಲ್ಲ. ಮಾತಿನ ಬದಲು ನಮ್ಮ ಮನೆಗೆ ಅನುಮಾನ ಬಂದು ಕೂತಿತು. ಎಮ್ಮೆ ಹಾಲು ಕಡಿಮೆ ಕೊಟ್ಟರೆ ಅಪ್ಪ ಗೋಡೆಯ ಕಡೆ ನೋಡುತ್ತಿದ್ದ. ಕುಡುಗೋಲು ಸಿಗದಿದ್ದರೆ ಗೋಡೆಯ ಕಡೆ ನೋಡುತ್ತಿದ್ದ. ಕುಡುಗೋಲು ಅಟ್ಟದ ಮೇಲೆ ಸಿಕ್ಕಾಗಲೂ, ಅದನ್ನು ಅಲ್ಲಿ ಇಟ್ಟವರು ಯಾರು ಅಂತ ಮತ್ತೊಮ್ಮೆ ನೋಡುತ್ತಿದ್ದ. ಆ ಕಡೆಯಿಂದ ಕಾಕಾನೂ ಹಾಗೇ ನೋಡುತ್ತಿದ್ದ ಅಂತ ನಮಗೆ ಗೊತ್ತಾಗಿದ್ದು ತಡವಾಗಿ.

ಪಾಲಾದದ್ದು ಒಪ್ಪದಿದ್ದವನು ಲಾಲ್ಯಾ ಒಬ್ಬನೇ. ಲಾಲ್ಯಾ ನಮ್ಮ ನಾಯಿ. ಕೆಂಚು ಮೈ, ಬಾಲದ ತುದಿ ಬಿಳಿ, ಒಂದು ಕಿವಿ ಯಾವಾಗಲೂ ಮಡಚಿರುತ್ತಿತ್ತು. ಗೋಡೆ ಏಳುವ ಮೊದಲೇ ಅವನು ಆ ಅಂಗಳದಲ್ಲಿದ್ದ. ಹಾಗಾಗಿ ಬೆಳಿಗ್ಗೆ ನಮ್ಮಲ್ಲಿ ಜೋಳದ ರೊಟ್ಟಿ ತಿಂದು ಒಂದೇ ನೆಗೆತಕ್ಕೆ ಗೋಡೆ ಹಾರುತ್ತಿದ್ದ, ಅಲ್ಲೂ ತಿಂದು ಬೇವಿನ ನೆರಳಲ್ಲಿ ಮಲಗುತ್ತಿದ್ದ. ಸಂಜೆ ಎತ್ತಿನ ಗಂಟೆ ಕೇಳಿದ ಕೂಡಲೇ ನಮ್ಮ ಕಡೆ ಬರುತ್ತಿದ್ದ. ಅಪ್ಪನಿಗೆ ಇದು ಹಿಡಿಸುತ್ತಿರಲಿಲ್ಲ. ಕಟ್ಟಿ ಹಾಕಿದರೆ ಲಾಲ್ಯಾ ಊರೆಲ್ಲ ಕೇಳುವ ಹಾಗೆ ಅಳುತ್ತಿದ್ದ, ಹಾಗಾಗಿ ಬಿಡಲೇಬೇಕಾಗುತ್ತಿತ್ತು.

ಗೋಡೆ ಎದ್ದು ಎರಡು ವರ್ಷವಾದಾಗ, ದೀಪಾವಳಿಯ ಹೊತ್ತಿಗೆ, ಲಾಲ್ಯಾ ಮೈ ಕೆರೆದುಕೊಳ್ಳಲು ಶುರುಮಾಡಿದ. ಮೊದಲು ಆಗೊಮ್ಮೆ ಈಗೊಮ್ಮೆ, ಆಮೇಲೆ ದಿನವಿಡೀ. ಕುಂತಲ್ಲಿ ಕೆರೆದ, ನಿಂತಲ್ಲಿ ಕಚ್ಚಿಕೊಂಡ, ಬೆನ್ನನ್ನು ಕಂಬಕ್ಕೆ ತಿಕ್ಕಿದ. ಅವನ ಮೈಯಿಂದ ಬಿಳಿ ಹೊಟ್ಟು ಉದುರುತ್ತಿತ್ತು. ಒಂದು ಬುಧವಾರ ಬೆಳಿಗ್ಗೆ ನೋಡಿದರೆ ಬೆನ್ನ ಮೇಲೆ ಅಂಗೈ ಅಗಲ ಕೂದಲೇ ಇರಲಿಲ್ಲ. ಕೆಂಪಗಿನ ಚರ್ಮ ಕಾಣುತ್ತಿತ್ತು.

ಅಪ್ಪ ಮೊಣಕಾಲೂರಿ ಕುಳಿತು ಆ ಜಾಗಕ್ಕೆ ಮೂಗು ಹಚ್ಚಿ ಮೂಸಿದ. ಅಪ್ಪ ನಾಯಿಯನ್ನು ಮೂಸುವುದನ್ನು ನಾನು ನೋಡಿದ್ದು ಅದೇ ಮೊದಲು.

"ವಾಸನಿ ಬರಾಕತ್ತದ," ಅಂದ. "ಕಹಿ ವಾಸನಿ. ಯಾವುದೋ ದವಾದ್ದು."

ಅದು ತೊಗರಿಗೆ ಹುಳ ಬೀಳುವ ಕಾಲ. ಗೋಡೆಯಾಚೆ ಕಾಕಾನ ದನದ ಕೊಟ್ಟಿಗೆಯಲ್ಲಿ ಔಷಧ ಹೊಡೆಯುವ ಪಂಪು ಗೂಟಕ್ಕೆ ನೇತಾಡುತ್ತಿತ್ತು. ಅಪ್ಪ ಅದನ್ನು ನೋಡಿದ, ನಾಯಿಯನ್ನು ನೋಡಿದ, ಮತ್ತೆ ಅದನ್ನೇ ನೋಡಿದ. ಆ ಹೊತ್ತಿಗೇ ಕಾಕಾ ಬೇವಿನ ಕಡ್ಡಿಯಿಂದ ಹಲ್ಲು ತಿಕ್ಕುತ್ತ ಗೋಡೆಯ ಹತ್ತಿರ ಬಂದ. ಬೇರೆ ದಿನ ಅವನು ಅಲ್ಲಿ ನಿಲ್ಲುತ್ತಿರಲಿಲ್ಲ. ಅಂದು ನಿಂತ. ಲಾಲ್ಯಾ ಗೋಡೆಗೆ ಕಾಲು ಕೊಟ್ಟು ನಿಂತಾಗ ಅವನ ಕಿವಿ ಎತ್ತಿ ನೋಡಿದ, ಬೆನ್ನಿನ ಮೇಲೆ ಬೆರಳಾಡಿಸಿದ, ನಮ್ಮ ಕಡೆ ಒಂದು ಸಲ ಕಣ್ಣು ಹಾಯಿಸಿ ಒಳಗೆ ಹೋದ.

"ಕಂಡಿರೇನು," ಅಂದ ಅಪ್ಪ, ದನಿ ತಗ್ಗಿಸಿ. "ತಾ ಹಾಕಿದ್ದು ಎಷ್ಟು ನಾಟೇದ ಅಂತ ನೋಡಾಕತ್ತಾನ. ಇವತ್ತ ದನದ ಡಾಕ್ಟರ್ ಬರ್ತಾರ. ಅವರ ಕಡೆಯಿಂದ ಬರಸಿಕೊಂಡು ಸೀದಾ ಆಳಂದಕ್ಕ ಹೋಗ್ತೇನಿ. ಠಾಣೆದಾಗ ಮಾತಾಡಲಿ."

ನಾನು ಲಾಲ್ಯಾನನ್ನು ನನ್ನ ಹಿಂದೆ ಎಳೆದುಕೊಂಡೆ. ಯಾಕೆಂದರೆ ಆ ಕಹಿ ವಾಸನೆ ಯಾವುದು ಅಂತ ನನಗೆ ಗೊತ್ತಿತ್ತು. ಒಂದು ತಿಂಗಳಿಂದ ಪ್ರತಿ ಭಾನುವಾರ, ಎಲ್ಲರೂ ಹೊಲಕ್ಕೆ ಹೋದ ಮೇಲೆ, ನಾನು ಬಾಗಿದ ಕೊಂಬೆಯಿಂದ ಬೇವಿನ ಎಲೆ ಕಿತ್ತು, ಕುದಿಸಿ, ಆರಿಸಿ ಲಾಲ್ಯಾನ ಮೈ ತೊಳೆಯುತ್ತಿದ್ದೆ. ಅವನಿಗೆ ತುರಿಕೆ ಕಡಿಮೆಯಾಗಲಿ ಅಂತ. ಬಾವಿಯಿಂದ ಸೇದಿ ತಂದ ನೀರನ್ನು ನಾಯಿಗೆ ಸುರಿದರೆ ಬೈಗುಳ ಬೀಳುತ್ತದೆ ಅಂತ ಯಾರಿಗೂ ಹೇಳಿರಲಿಲ್ಲ. ಈಗ ನನ್ನ ನೀರಿನಿಂದಲೇ ಅವನ ಕೂದಲು ಹೋಗಿದೆ, ಅದಕ್ಕಾಗಿ ಕಾಕಾನನ್ನು ಪೊಲೀಸರು ಹಿಡಿಯುತ್ತಾರೆ ಅಂತ ನನಗೆ ಖಾತ್ರಿಯಾಯಿತು.

ಹೇಳಿಬಿಡಬೇಕು ಅಂತ ತಿರುಗಿದರೆ ಅಕ್ಕ ನನ್ನನ್ನೇ ಓರೆಗಣ್ಣಿನಿಂದ ನೋಡುತ್ತಿದ್ದಳು. ಅವಳಿಗೆ ತಿಳಿದುಹೋಗಿದೆ ಅಂದುಕೊಂಡೆ. ಅವ್ವ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಅವಳಿಗೂ ತಿಳಿದಿದೆ ಅಂದುಕೊಂಡೆ. ಮಧ್ಯಾಹ್ನದವರೆಗೆ ನಮ್ಮ ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೇರವಾಗಿ ನೋಡಲಿಲ್ಲ. ಒಲೆಯ ಮೇಲೆ ಬೇಳೆ ಹೊತ್ತಿದ ವಾಸನೆ ಬಂದರೂ ಯಾರೂ ಎದ್ದು ನೋಡಲಿಲ್ಲ.

ದನದ ಡಾಕ್ಟರು ವಾರಕ್ಕೊಮ್ಮೆ ಆಳಂದದಿಂದ ಮೋಟಾರು ಸೈಕಲ್ಲಿನ ಮೇಲೆ ಬರುತ್ತಿದ್ದರು. ತೆಳ್ಳಗಿನ ಮನುಷ್ಯ, ಪ್ಯಾಂಟಿನ ತುದಿಗೆಲ್ಲ ಕಪ್ಪು ಮಣ್ಣು. ಅಪ್ಪ ಅವರನ್ನು ಚಾವಡಿಯಿಂದ ಮನೆಗೇ ಕರೆದುಕೊಂಡು ಬಂದ. ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂರಿಸಿದ. ನಾನು ಲಾಲ್ಯಾನ ಕೊರಳ ಹಗ್ಗ ಹಿಡಿದು ನಿಂತೆ. ಅವ್ವ ಚಹಾ ತಂದಿಟ್ಟು ಬಾಗಿಲಲ್ಲೇ ನಿಂತಳು, ಅವಳ ಹಿಂದೆ ಅಕ್ಕ. ಗೋಡೆಯಾಚೆ ಕಾಕಾ ಹಗ್ಗ ಹೊಸೆಯುವ ನೆಪದಲ್ಲಿ ನಿಂತಿದ್ದು ಎಲ್ಲರಿಗೂ ಕಾಣುತ್ತಿತ್ತು.

ಡಾಕ್ಟರು ಲಾಲ್ಯಾನ ಕಣ್ಣು ನೋಡಿದರು, ವಸಡು ನೋಡಿದರು, ಉಗುರಿನಿಂದ ಹೊಟ್ಟು ಕೆರೆದು ಬಿಸಿಲಿಗೆ ಹಿಡಿದು ನೋಡಿದರು.

"ಇದಕ್ಕ ಜಳಕಾ ಯಾವಾಗ ಮಾಡಸ್ತೀರಿ?"

"ನಾಯಿಗೆ ಎಂಥ ಜಳಕಾರಿ ಸಾಹೇಬ್ರ," ಅಂದ ಅಪ್ಪ. "ನಮ್ಮ ಮನ್ಯಾಗ ಯಾರೂ ತೊಳೆಯಂಗಿಲ್ಲ."

ಡಾಕ್ಟರು ಲಾಲ್ಯಾನ ಕಿವಿಯ ಹಿಂದೆ ಬೆರಳು ಹಾಕಿ ತಿಕ್ಕಿ, ಬೆರಳನ್ನು ನೋಡಿಕೊಂಡರು. "ತೊಳೆಯದ ನಾಯಿ ಇಷ್ಟು ಸ್ವಚ್ಛ ಇರಂಗಿಲ್ರಿ."

"ಅದೇ ನಾನೂ ಹೇಳೋದು." ಅಪ್ಪ ಗೋಡೆಯ ಕಡೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದ. "ನಾವು ತೊಳದಿಲ್ಲ. ಅಂದ್ರ ಬ್ಯಾರೆದವರು ಏನೋ ಸುರದಾರ. ಅಷ್ಟು ಒಂದು ಚೀಟಿ ಮ್ಯಾಲೆ ಬರದು ಕೊಡ್ರಿ."

ಡಾಕ್ಟರು ಜೇಬಿನಿಂದ ಪೆನ್ನು ತೆಗೆದರು. ಪೆನ್ನಿನ ಟೊಪ್ಪಿಗೆ ತಿರುಗುತ್ತಿದ್ದುದು ಇವತ್ತಿಗೂ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಬರೆದ ಮೇಲೆ ಅಳಿಸಲಾಗುವುದಿಲ್ಲ ಅಂತ ಅನ್ನಿಸಿತು.

"ನಾನು ತೊಳದೀನಿ," ಅಂದೆ. "ಬೇವಿನ ನೀರಿಲೆ. ಪ್ರತಿ ಐತವಾರ."

ಅಪ್ಪ ನನ್ನ ಕಡೆ ತಿರುಗಿದ. ಏಟು ಬೀಳುತ್ತದೆ ಅಂತ ನಾನು ಕಣ್ಣು ಮುಚ್ಚಿಕೊಂಡೆ. ಬೀಳಲಿಲ್ಲ, ಯಾಕೆಂದರೆ ಡಾಕ್ಟರು ಮಾತಾಡಿದರು.

"ಬೇವಿನ ನೀರಿಗೆ ಹಿಂಗ ಆಗಂಗಿಲ್ಲವ್ವಾ. ಇದರ ಮೈಗೆ ಸಾಬಾಣ ಬಿದ್ದದ. ಅದೂ ಭಾಳ ಸಲ."

ಅಕ್ಕ ತನ್ನ ಕಾಲಿನ ಹೆಬ್ಬೆರಳನ್ನು ನೋಡಿಕೊಂಡು ನಿಂತಿದ್ದಳು. ಆಮೇಲೆ ಮೆಲ್ಲಗೆ, "ಮಂಗಳವಾರ ನಾನು ತೊಳಿತೇನಿ," ಅಂದಳು. ಅಕ್ಕ ಆ ವರ್ಷ ಹತ್ತನೇ ಇಯತ್ತೆ. ಸಂಜೆ ಓದುವಾಗ ಲಾಲ್ಯಾ ಅವಳ ಕಾಲಿಗೆ ಒರಗಿ ಮಲಗುತ್ತಿದ್ದ. ವಾಸನೆ ತಡೆಯಲಾಗದೆ ತನ್ನ ಮೈಸಾಬೂನನ್ನೇ ಹಚ್ಚುತ್ತಿದ್ದಳಂತೆ. ಸಾಬೂನು ಬೇಗ ಸವೆಯುತ್ತದೆ ಅಂತ ಅವ್ವ ನನ್ನ ಮೇಲೆ ಸಿಟ್ಟಾಗಿದ್ದು ಅದಕ್ಕೇ.

ಅವ್ವ ಅಕ್ಕನನ್ನು ಬೈಯಲು ಬಾಯಿ ತೆಗೆದಳು, ತೆಗೆದ ಬಾಯನ್ನು ಹಾಗೇ ಮುಚ್ಚಿದಳು. ಡಾಕ್ಟರು ಅವಳನ್ನೇ ನೋಡುತ್ತಿದ್ದರು.

"ನಾ ಸಾಬಾಣ ಹಚ್ಚಂಗಿಲ್ರಿ," ಅಂದಳು ಅವ್ವ. "ಶುಕ್ರವಾರ ಅರಬಿ ಒಗದ ಸೋಡಾದ ನೀರು ಉಳಿತದ. ಅದನ್ನ ಹಾಕಿ ತಿಕ್ಕತೇನಿ. ನಾ ಪೂಜಿಗೆ ಕುಂತಾಗ ಬಂದು ಮೈಗೆ ಹತ್ತತದರಿ ಅದು."

ಅಪ್ಪನ ಮುಖ ನೋಡುವ ಹಾಗಿರಲಿಲ್ಲ. ಅವನು ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದ, ಮನೆಯಲ್ಲಿ ಅಪರಿಚಿತರು ಹೊಕ್ಕಿದ್ದಾರೋ ಅನ್ನುವ ಹಾಗೆ. "ನನಗ ಗೊತ್ತಿಲ್ಲದ ಇಷ್ಟು ನಡದದೇನು ಮನ್ಯಾಗ?"

"ನೀವು ಎತ್ತು ಎಲ್ಲಿ ತೊಳಿತೀರಿ?" ಅಂತ ಡಾಕ್ಟರು ಕೇಳಿದರು.

"ಹಳ್ಳದಾಗ್ರಿ. ಸೋಮವಾರಕ್ಕೊಮ್ಮೆ."

"ನಾಯಿ ಬರ್ತದೇನು ಸಂಗಾಟ?"

ಅಪ್ಪ ಕೆಮ್ಮಿದ. "ಬರ್ತದರಿ. ಬಂದ್ರ ಅದಕ್ಕೂ ಒಂದೀಟು ನೀರು ಗೊಜ್ಜಿ ಕಲ್ಲಿಲೆ ತಿಕ್ಕತೇನಿ. ಅದೇನು ಜಳಕಾ ಅಲ್ಲಲ್ರಿ."

ಡಾಕ್ಟರು ಬೆರಳು ಮಡಚುತ್ತ ಹೋದರು. "ಐತವಾರ. ಸೋಮವಾರ. ಮಂಗಳವಾರ. ಶುಕ್ರವಾರ."

"ಶನಿವಾರ ನಂದು," ಅಂತ ಗೋಡೆಯಾಚೆಯಿಂದ ದನಿ ಬಂತು.

ಎರಡು ವರ್ಷದ ಮೇಲೆ ಕಾಕಾನ ಮಾತು ನಮ್ಮ ಅಂಗಳದಲ್ಲಿ ಕೇಳಿದ್ದು ಅದು. ಅವನು ಹಗ್ಗ ಕೆಳಗಿಟ್ಟು ಗೋಡೆಯ ಮೇಲೆ ಎರಡೂ ಕೈ ಊರಿದ್ದ. ಆದರೆ ಅಪ್ಪನ ಕಡೆ ನೋಡಲಿಲ್ಲ, ಡಾಕ್ಟರ ಕಡೆ ನೋಡಿ ಹೇಳಿದ. "ಬಿಸಿನೀರು ಹಾಕಿ, ಅಂಟವಾಳ ಹಚ್ಚಿ ತೊಳಿತೇನ್ರಿ. ಇವರ ಮನ್ಯಾಗ ಅದಕ್ಕ ಯಾರೂ ನೋಡಂಗಿಲ್ಲ ಅಂತ ತಿಳಕೊಂಡಿದ್ದೆ. ಕೂದಲಾ ಕೈಯಾಗ ಬರಾಕತ್ತು. ಇವರೇ ಏನೋ ಹಚ್ಚಿ ನನ್ನ ಕಡೆ ಅಟ್ಟತಾರ ಅಂತ ಶಕ್ ಬಂತು. ಇವತ್ತ ನಿಮಗ ತೋರಸಬೇಕು ಅಂತ ನಾನೂ ಹಾದಿ ಕಾಯಾಕತ್ತಿದ್ದೆ."

"ನಾನ್ಯಾಕ ಹಚ್ಚಲಿ, ಕೇಳ್ರಿ ಸಾಹೇಬ್ರ," ಅಂದ ಅಪ್ಪ, ಅವನೂ ಡಾಕ್ಟರ ಕಡೆ ನೋಡಿ. "ಆ ನಾಯಿ ಸಣ್ಣ ಮರಿ ಇದ್ದಾಗ ಹಿರೋಳ್ಳಿಯಿಂದ ಎದಿಗೆ ಅವಚಿಕೊಂಡು ತಂದವ ನಾನು."

"ಹಾಲು ಕುಡಿಸಿದವ ನಾನು. ಅದನ್ನೂ ಕೇಳ್ರಿ."

ಡಾಕ್ಟರು ಇಬ್ಬರನ್ನೂ ಏನೂ ಕೇಳಲಿಲ್ಲ. ಪೆನ್ನು ಮುಚ್ಚಿ ಜೇಬಿಗೆ ಹಾಕಿಕೊಂಡರು. "ಠಾಣೆಗೆ ಏನಂತ ಬರೀಲ್ರಿ? ಐದು ಮಂದಿ ಕೂಡಿ ನಾಯಿಗೆ ಜಳಕಾ ಮಾಡಿಸ್ಯಾರ ಅಂತ ಬರೀಲೇನು?"

ಆಮೇಲೆ ಅವರು ನಿಧಾನವಾಗಿ ತಿಳಿಸಿ ಹೇಳಿದರು. ನಾಯಿಯ ಚರ್ಮಕ್ಕೆ ತನ್ನದೇ ಎಣ್ಣೆ ಇರುತ್ತದೆ. ಪದೇ ಪದೇ ತೊಳೆದರೆ ಅದು ಹೋಗಿ ಮೈ ಒಣಗುತ್ತದೆ, ತುರಿಸುತ್ತದೆ. ತುರಿಸುತ್ತದೆ ಅಂತ ನಾವು ಮತ್ತೆ ತೊಳೆದೆವು, ಅದು ಇನ್ನೂ ಒಣಗಿತು. ನಮ್ಮ ಮೈಯ ಸಾಬೂನು ಅದಕ್ಕೆ ಆಗಿಬರುವುದಿಲ್ಲ, ಸೋಡಾದ ನೀರಂತೂ ಬೇಡವೇ ಬೇಡ. ಇನ್ನು ಒಂದೂವರೆ ತಿಂಗಳು ಯಾರೂ ನೀರು ಮುಟ್ಟಿಸಬಾರದು. ಆಮೇಲೂ ಎರಡು ತಿಂಗಳಿಗೊಮ್ಮೆ, ಕೆಸರಲ್ಲಿ ಹೊರಳಿ ಬಂದರೆ ಮಾತ್ರ ನಡುವೆ ಒಮ್ಮೆ. ದಿನಾ ಬೇಕಾದರೆ ಬಾಚಿರಿ ಅಂದರು. ಒಂದು ಸಣ್ಣ ಡಬ್ಬಿಯಲ್ಲಿ ಮುಲಾಮು ಕೊಟ್ಟರು.

"ಮತ್ತ ತೊಳೆಯೋರು ಒಬ್ಬರೇ ಇರ್ರಿ. ಯಾರಂತ ನಿಮ್ಮ ನಿಮ್ಮಾಗ ಮಾತಾಡಿಕೊಳ್ರಿ," ಅಂತ ಹೇಳಿ ಮೋಟಾರು ಸೈಕಲ್ ಹತ್ತಿದರು.

ಅವರು ಹೇಳಿದ್ದರಲ್ಲಿ ಅದೇ ಕಷ್ಟದ ಕೆಲಸವಾಗಿತ್ತು. ಅಂದು ಅಪ್ಪನೂ ಕಾಕಾನೂ ಏನೂ ಮಾತಾಡದೆ ಒಳಗೆ ಹೋದರು. ಆದರೆ ಅನುಮಾನ ಇಬ್ಬರನ್ನೂ ಸುಮ್ಮನೆ ಬಿಡಲಿಲ್ಲ. ಮರುದಿನ ಸಂಜೆ ಲಾಲ್ಯಾ ಗೋಡೆ ಹಾರಿ ಬಂದ ಕೂಡಲೇ ಅಪ್ಪ ಅವನ ಬೆನ್ನು ಮೂಸಿದ. ಎಲ್ಲೋ ತೇವ ಇದ್ದ ಹಾಗೆ ಅನ್ನಿಸಿರಬೇಕು. ಗೋಡೆಯ ಹತ್ತಿರ ಹೋಗಿ, ಯಾರ ಹೆಸರೂ ಹಿಡಿಯದೆ, "ನೀರು ಮುಟ್ಟಿಸಿದಿಯೇನು?" ಅಂತ ಕೇಳಿದ.

"ಇಲ್ಲ," ಅಂತು ಆ ಕಡೆ. ಸ್ವಲ್ಪ ಹೊತ್ತಾದ ಮೇಲೆ, "ನೀನು?"

"ಇಲ್ಲ."

ಅಷ್ಟೇ ಮಾತು. ಆದರೆ ಅದು ದಿನಾ ಸಂಜೆ ನಡೆಯಿತು. ಅಪ್ಪ ಅವ್ವನನ್ನೂ ಕೇಳುತ್ತಿದ್ದ, ಅಕ್ಕನನ್ನೂ ಕೇಳುತ್ತಿದ್ದ, ನನ್ನ ಕೈಯನ್ನು ಮೂಸಿಯೇ ನೋಡುತ್ತಿದ್ದ. ಎರಡು ವಾರದಲ್ಲಿ ಲಾಲ್ಯಾ ಕೆರೆದುಕೊಳ್ಳುವುದು ಕಡಿಮೆಯಾಯಿತು. ತಿಂಗಳಾಗುವಷ್ಟರಲ್ಲಿ ಬರಿದಾದ ಜಾಗದಲ್ಲಿ ಮೆತ್ತಗಿನ ಹೊಸ ಕೂದಲು ಬಂತು, ಮೊದಲಿಗಿಂತ ತುಸು ಕಪ್ಪಗೆ. ಮೊದಲು ಕಂಡವನು ಕಾಕಾ. "ಬರಾಕತ್ತದ ನೋಡು," ಅಂತ ಅವನಾಗಿಯೇ ಗೋಡೆಯ ಮೇಲಿಂದ ಹೇಳಿದ. ಅಪ್ಪ ಕೈಯಲ್ಲಿದ್ದ ಕೆಲಸ ಬಿಟ್ಟು ಹೋಗಿ ನೋಡಿದ.

ಎಳ್ಳಮಾವಾಸ್ಯೆಯ ಹಿಂದಿನ ದಿನ ಡಾಕ್ಟರು ಹೇಳಿದ ಅವಧಿ ಮುಗಿಯಿತು. ಅವ್ವ ಮಾರನೆಯ ದಿನ ಹೊಲಕ್ಕೆ ಒಯ್ಯಲು ಸಜ್ಜೆಯ ಕಡುಬಿಗೆ ಹಿಟ್ಟು ನಾದುತ್ತಿದ್ದಳು. ಆಗ ಮುಂಬಾಗಿಲಲ್ಲಿ ಕಾಕಾ ನಿಂತಿದ್ದ, ಕೈಯಲ್ಲಿ ಹಬೆಯಾಡುವ ಬಕೆಟ್ಟು. ಬಿಸಿನೀರು ಹಿಡಿದುಕೊಂಡು ಗೋಡೆ ಹಾರಲಾಗುವುದಿಲ್ಲವಲ್ಲ, ಓಣಿ ಸುತ್ತಿ ಬಂದಿದ್ದ. ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು. ಅಪ್ಪ ಅವನನ್ನು ನೋಡಿದ, ಬಕೆಟ್ಟಿಗೆ ಬೆರಳು ಅದ್ದಿ, "ಭಾಳ ಸುಡ್ತದ, ತಣ್ಣೀರು ಬೆರಸು," ಅಂದ.

ಅಪ್ಪ ಲಾಲ್ಯಾನ ಕೊರಳು ಹಿಡಿದ, ಕಾಕಾ ನೀರು ಹಾಕಿದ. ಸಾಬೂನು ಯಾರೂ ತರಲಿಲ್ಲ. ಮುಗಿದ ಮೇಲೆ ಲಾಲ್ಯಾ ಒಮ್ಮೆ ಮೈ ಕೊಡವಿದ, ಇಬ್ಬರ ಮುಖಗಳೂ ತೊಯ್ದವು. ಅಪ್ಪ ಕಣ್ಣು ಮುಚ್ಚಿಕೊಂಡೇ ಕೈ ಚಾಚಿ, ಸಿಕ್ಕಿದ ಬಟ್ಟೆಯಿಂದ ಮುಖ ಒರೆಸಿಕೊಂಡ. ಅದು ಕಾಕಾನ ಹೆಗಲ ಮೇಲಿನ ಟವೆಲ್ಲು. ಕಾಕಾ ಸುಮ್ಮನೆ ಬಗ್ಗಿ ನಿಂತುಕೊಂಡ, ಅಪ್ಪನಿಗೆ ಎಟುಕಲಿ ಅಂತ.

ಗೋಡೆಯೇನೂ ಬೀಳಲಿಲ್ಲ. ಬದುವಿನ ಜಗಳ ಮುಗಿಯಲು ಇನ್ನೂ ಮೂರು ಸುಗ್ಗಿ ಹಿಡಿಯಿತು. ಆದರೆ ಕಾಕಾ ಆಮೇಲೆ ಬಾಗಿಲಿಂದ ಬರುತ್ತಿದ್ದ.

ಇಷ್ಟು ಹೊತ್ತು ನನ್ನ ಕಥೆ ಕೇಳಿದ ಮಕ್ಕಳೇ, ಕಲಬುರಗಿಯ ನಿಮ್ಮ ಮನೆಯಲ್ಲಿ ಆ ಬಿಳಿ ಉಣ್ಣೆಯಂಥ ನಾಯಿಗೆ ಬೇರೆಯೇ ಶಾಂಪೂ ಇದೆ, ಬೇರೆ ಬಾಚಣಿಗೆ ಇದೆ. ಅದರ ಸ್ನಾನದ ದಿನ ಬಂದರೆ ಫೋನು ತಾನೇ ಗಂಟೆ ಹೊಡೆಯುತ್ತದೆ. ಹೋದ ಸಲ ನಾನು ಬಂದಾಗ ಹೊಡೆಯಿತು, ನೀವು ಓಡಿಹೋಗಿ ತೊಳೆದಿರಿ, ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಅದು ಒಳ್ಳೆಯದೇ. ನಾಯಿಗೂ ಒಳ್ಳೆಯದು. ನಮಗೆ ಅಷ್ಟು ಸಣ್ಣ ವಿಷಯ ತಿಳಿಯಬೇಕಾದರೆ ಐದು ಮಂದಿ ಅಂಗಳದಲ್ಲಿ ನಿಂತು ನಿಜ ಹೇಳಬೇಕಾಯಿತು.